ಗ್ಯಾಸ್ ಗೀಸರ್ ಮತ್ತು ಬಚ್ಚಲಿನ ಗಾಳಿ

ಗ್ಯಾಸ್ ಗೀಸರ್ ಎಂದರೆ ಗೋಡೆಗೆ ನೇತುಹಾಕಿದ ಒಲೆ. ಬಿಳಿ ತಗಡಿನ ಡಬ್ಬಿ, ಮುಂದೆ ಎರಡೋ ಮೂರೋ ನಾಬ್, ಉರಿ ಕಾಣಲೊಂದು ಚಿಕ್ಕ ಗಾಜಿನ ಕಿಂಡಿ. ನಲ್ಲಿ ತಿರುಗಿಸಿದರೆ ಒಳಗೆ ಚಟಚಟ ಸದ್ದಾಗುತ್ತದೆ, ಬರ್ನರ್ ಭಗ್ ಎಂದು ಹತ್ತಿಕೊಳ್ಳುತ್ತದೆ, ಅರೆ ನಿಮಿಷದೊಳಗೆ ಬಿಸಿನೀರು ಬರುತ್ತದೆ. ನೋಡಲು ಕರೆಂಟಿನ ಗೀಸರ್‌ನ ತಮ್ಮನಂತೆ ಇರುವುದರಿಂದ ಜನ ಅದನ್ನು ಅದೇ ಜಾಗದಲ್ಲಿ, ಅಂದರೆ ಬಚ್ಚಲುಮನೆಯ ಗೋಡೆಯ ಮೇಲೆ, ಷವರ್ ಪಕ್ಕ ಕೂರಿಸುತ್ತಾರೆ. ಎಲ್ಲ ತೊಂದರೆ ಶುರುವಾಗುವುದು ಅಲ್ಲಿಂದಲೇ. ಕರೆಂಟಿನ ಗೀಸರ್‌ಗೆ ಬೇಕಾಗದ ಎರಡು ಸಂಗತಿ ಇದಕ್ಕೆ ಬೇಕು: ಉರಿಯಲು ಗಾಳಿ, ಉರಿದ ಹೊಗೆ ಮನೆಯಿಂದ ಹೊರಬೀಳಲು ದಾರಿ.

ಪುಣೆಯನ್ನೇ ನೋಡಿ. ಇಲ್ಲಿನ ಚಳಿ ಕೋಣೆಗಳನ್ನೇ ಕಾಯಿಸಬೇಕಾದಷ್ಟು ಬಿಗಿಯಲ್ಲ. ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೂ ಸ್ವೆಟರು, ರಗ್ಗುಗಳಲ್ಲಿ ಕೆಲಸ ಸಾಗುತ್ತದೆ. ತಣ್ಣೀರ ಸ್ನಾನವೊಂದೇ ಆಗದ ಮಾತು. ಹಾಗಾಗಿ ಈ ಊರಿನ ಮನೆಗಳಲ್ಲಿ ಅಡುಗೆ ಒಲೆಯ ನಂತರ ಗ್ಯಾಸ್ ಉರಿಸುವ ಸಾಧನವೆಂದರೆ ಗೀಸರ್. ಹಿಂದೆ ವಾಡೆಗಳಲ್ಲಿ ಈ ಕೆಲಸ ತಾಮ್ರದ ಬಂಬಿನದು. ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ಬಡಿದು ತಯಾರಿಸುತ್ತಿದ್ದ ಆ ಬಂಬಿನ ನಡುವೆ ಒಂದು ಕೊಳವೆ. ಕೆಳಗೆ ಕಟ್ಟಿಗೆಯ ಉರಿ, ಕೊಳವೆಯ ಮೂಲಕ ಮೇಲಕ್ಕೆ ಹೊಗೆ, ಸುತ್ತಲೂ ನೀರು. ಬೆಳಗಾವಿ, ಧಾರವಾಡದ ಕಡೆಯ ಮನೆಗಳಿಗೂ ಅದು ಪರಿಚಿತ ವಸ್ತುವೇ. ಕಟ್ಟಿಗೆಯ ಹೊಗೆ ಕಣ್ಣುರಿಸುತ್ತಿತ್ತು, ಕೆಮ್ಮು ತರಿಸುತ್ತಿತ್ತು. ಆದ್ದರಿಂದ ಬಂಬನ್ನು ಅಂಗಳದಲ್ಲೋ ಹಿತ್ತಿಲಲ್ಲೋ ಇಡಬೇಕೆಂದು ಯಾರೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಗ್ಯಾಸಿನ ಹೊಗೆ ಕಣ್ಣಿಗೆ ಕಾಣುವುದಿಲ್ಲ. ಒಲೆ ಸದ್ದಿಲ್ಲದೆ ಒಳಗೆ ಬಂದದ್ದು ಹಾಗೆ.

ಸೋರಿಕೆಯಲ್ಲ, ಅರೆಬರೆ ಉರಿ

ಬಚ್ಚಲಲ್ಲಿ ಗ್ಯಾಸ್ ಗೀಸರ್‌ನಿಂದಾದ ಸಾವಿನ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬಂದಾಗ ಅದಕ್ಕೆ ತಲೆಬರಹ ಸಾಮಾನ್ಯವಾಗಿ ‘ಗೀಸರ್ ಗ್ಯಾಸ್ ಸೋರಿಕೆ’ ಎಂದೇ ಇರುತ್ತದೆ. ಆ ‘ಸೋರಿಕೆ’ ಎಂಬ ಪದ ಓದುಗರನ್ನು ದಾರಿ ತಪ್ಪಿಸುತ್ತದೆ. ಅದನ್ನು ಓದಿದವರು ಪೈಪಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳಲಿಲ್ಲವೆಂದು ನಿಶ್ಚಿಂತರಾಗುತ್ತಾರೆ. ಸೋರಿದ ಗ್ಯಾಸಿನಿಂದಲೂ ಅಪಾಯವಿದೆ, ಆದರೆ ಅದು ಬೆಂಕಿ ಮತ್ತು ಸ್ಫೋಟದ ಅಪಾಯ. ಸಿಲಿಂಡರಿನ ಗ್ಯಾಸಿಗೂ ಪೈಪಿನ ಗ್ಯಾಸಿಗೂ ಮರ್‌ಕ್ಯಾಪ್ಟನ್ ಎಂಬ ಘಾಟು ವಾಸನೆಯ ವಸ್ತುವನ್ನು ಬೆರೆಸಿರುವುದರಿಂದ ಮೂಗಿಗೆ ಎಚ್ಚರಿಕೆ ಸಿಗುತ್ತದೆ. ಬಚ್ಚಲಲ್ಲಿ ಜನರನ್ನು ಕೊಲ್ಲುವುದು ಹೆಚ್ಚಾಗಿ ಬೇರೆಯೇ ಅನಿಲ: ಕಾರ್ಬನ್ ಮೊನಾಕ್ಸೈಡ್. ಅದು ಪೈಪಿನಲ್ಲಿ ಬರುವುದಲ್ಲ, ಗೀಸರ್‌ನೊಳಗೇ ಹುಟ್ಟುವುದು. ಪೈಪು, ಜೋಡಣೆ, ರೆಗ್ಯುಲೇಟರ್ ಎಲ್ಲವೂ ಸರಿಯಿದ್ದು ಒಂದು ಹನಿ ಗ್ಯಾಸೂ ಸೋರದಿದ್ದಾಗಲೂ ಅದು ಹುಟ್ಟಬಲ್ಲದು.

ಸಾಕಷ್ಟು ಗಾಳಿ ಸಿಕ್ಕರೆ ಗ್ಯಾಸ್ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗುತ್ತದೆ. ಗಾಳಿ ಸಾಲದಿದ್ದರೆ ಉರಿ ಅರ್ಧಕ್ಕೇ ನಿಲ್ಲುತ್ತದೆ, ಮೊನಾಕ್ಸೈಡ್ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವ ಗುಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುವುದರಿಂದ, ಗಾಳಿಯಲ್ಲಿ ಅದರ ಅಂಶ ಅತ್ಯಲ್ಪವಿದ್ದರೂ ಮೈಯೊಳಗೆ ಆಮ್ಲಜನಕದ ಸಾಗಾಟ ಕಡಿದುಹೋಗುತ್ತದೆ. ಮೊದಲು ತಲೆ ಭಾರ, ಆಮೇಲೆ ತಲೆಸುತ್ತು, ವಾಕರಿಕೆ. ಮುಂದಿನದು ಇನ್ನೂ ಕ್ರೂರ. ಕಾಲುಗಳ ಬಲ ಹೋಗುವಾಗ ಎಚ್ಚರ ಇನ್ನೂ ಉಳಿದಿರಬಹುದು. ಎರಡು ಹೆಜ್ಜೆ ದೂರದ ಚಿಲಕ ಕಾಣುತ್ತಿರುತ್ತದೆ, ಕೈ ಅಲ್ಲಿಗೆ ತಲಪುವುದಿಲ್ಲ. ಗೀಸರ್ ಇರುವ ಬಚ್ಚಲಲ್ಲಿ ಹೀಗೆ ಪ್ರಜ್ಞೆ ತಪ್ಪುವುದು, ಫಿಟ್ಸ್ ಬರುವುದು ಎಷ್ಟು ಸಾಮಾನ್ಯವಾಯಿತೆಂದರೆ ಭಾರತದ ನರರೋಗ ತಜ್ಞರು ಇದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂದೇ ಹೆಸರಿಟ್ಟಿದ್ದಾರೆ. ಮೂರ್ಛೆರೋಗವೆಂದು ತಪ್ಪು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗುವ ಸಂಭವ ಇಲ್ಲಿ ಇರುವುದರಿಂದ, ಸ್ನಾನದ ವೇಳೆ ಮೂರ್ಛೆ ಬಂದವರು ಮನೆಯಲ್ಲಿ ಯಾವ ಗೀಸರ್ ಇದೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

2023ರ ಜೂನ್‌ನಲ್ಲಿ ಬೆಂಗಳೂರಿನ ಹೊರವಲಯದ ಚಿಕ್ಕಜಾಲ ಬಳಿಯ ತರಬನಹಳ್ಳಿಯಲ್ಲಿ ಯುವ ಜೋಡಿಯೊಂದು ಸ್ನಾನದ ಮನೆಯಲ್ಲಿ ಸತ್ತದ್ದು ಇದೇ ಬಗೆಯಲ್ಲಿ. ಬಾಗಿಲು, ಕಿಟಕಿ ಮುಚ್ಚಿದ್ದವು, ಗೀಸರ್ ಉರಿಯುತ್ತಿತ್ತು. ಚಳಿಗಾಲದಲ್ಲಷ್ಟೇ ಆಗುವ ಅನಾಹುತ ಇದಲ್ಲ ಎಂಬುದಕ್ಕೂ ಆ ತಿಂಗಳೇ ಸಾಕ್ಷಿ. ಚಳಿ ಮಾಡುವುದಿಷ್ಟೇ, ಕಿಟಕಿ ಮುಚ್ಚಿಸುತ್ತದೆ ಮತ್ತು ಸ್ನಾನದ ಹೊತ್ತನ್ನು ಹಿಗ್ಗಿಸುತ್ತದೆ.

ಒಂದು ಬಚ್ಚಲಿನ ಲೆಕ್ಕ

ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡುವ ಸಾಮಾನ್ಯ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಹೆಚ್ಚುಕಡಿಮೆ 1 ಕೆ.ಜಿ. ಎಲ್‌ಪಿಜಿ ನುಂಗುತ್ತದೆ. ಅಡುಗೆ ಒಲೆಯ ದೊಡ್ಡ ಬರ್ನರ್‌ಗೆ ಹೋಲಿಸಿದರೆ ಇದು ನಾಲ್ಕೈದು ಪಟ್ಟು. 1 ಕೆ.ಜಿ. ಎಲ್‌ಪಿಜಿ ಉರಿಯಲು ಕನಿಷ್ಠ 12 ರಿಂದ 13 ಘನ ಮೀಟರ್ ಗಾಳಿ ಬೇಕು. ಅಂದರೆ 10 ನಿಮಿಷದ ಸ್ನಾನಕ್ಕೆ 2 ಘನ ಮೀಟರ್‌ಗೂ ಹೆಚ್ಚು. ಫ್ಲ್ಯಾಟುಗಳಲ್ಲಿ 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲು ಅಪರೂಪವಲ್ಲ; ಅದರೊಳಗಿನ ಒಟ್ಟು ಗಾಳಿಯೇ ಸುಮಾರು 5.4 ಘನ ಮೀಟರ್. ಬಾಗಿಲು ಮುಚ್ಚಿ ಸ್ನಾನಕ್ಕೆ ನಿಂತವರ ಜೊತೆ ಒಂದು ಒಲೆ ನಿಂತು ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನ ಗಾಳಿಯನ್ನು ಕುಡಿದುಬಿಡುತ್ತದೆ. ಅಷ್ಟೂ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಗಾಳಿಯಲ್ಲಿನ ಆಮ್ಲಜನಕ ಶೇ. 21ರಿಂದ ಎರಡು ಮೂರು ಅಂಶ ಇಳಿಯುತ್ತಿದ್ದಂತೆಯೇ ಉರಿ ಕೆಡತೊಡಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಕೊನೆಯವರಿಗೆ ಅಪಾಯ ಹೆಚ್ಚು. ಮೊದಲಿನವರಿಗೆ ಏನೂ ಆಗಲಿಲ್ಲವೆಂಬುದು ಅವರಿಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಎಲ್ಲಿ ಕೂರಿಸಬೇಕು

ಈ ಲೆಕ್ಕ ಸರಿಯಾದರೆ ಬಚ್ಚಲುಮನೆಯೊಳಗೆ ಹೊಗೆಕೊಳವೆಯಿಲ್ಲದ ಗೀಸರ್‌ಗೆ ಜಾಗವೇ ಇಲ್ಲ. ಡಬ್ಬಿ ಹೊರಗಿರಬೇಕು, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಬೇಕು. ಪುಣೆಯ ಫ್ಲ್ಯಾಟುಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗವೊಂದಿದೆ: ಅಡುಗೆಮನೆಗೆ ತಾಗಿಕೊಂಡು ಪಾತ್ರೆ ತೊಳೆಯಲು, ವಾಷಿಂಗ್ ಮೆಷಿನ್ ಇಡಲು ಬಿಟ್ಟಿರುವ ‘ಡ್ರೈ ಬಾಲ್ಕನಿ’. ಅದು ತೆರೆದಿರುವವರೆಗೆ ಗೀಸರ್‌ಗೆ ಅದಕ್ಕಿಂತ ಒಳ್ಳೆಯ ಗೋಡೆಯಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಪಾರಿವಾಳದ ಕಾಟ, ಮಳೆಯ ಎರಚಲು ಎಂದು ಆ ಬಾಲ್ಕನಿಗೆ ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ ಬಂದಿರುತ್ತದೆ. ಗಾಜು ಮುಚ್ಚಿದ ದಿನ ತೆರೆದ ಬಾಲ್ಕನಿ ಇನ್ನೊಂದು ಚಿಕ್ಕ ಕೋಣೆಯಾಗುತ್ತದೆ. ಗೀಸರ್‌ನ ಹೊಗೆ ಅಡುಗೆಮನೆಯ ಬಾಗಿಲಿನಿಂದ ಮನೆಯೊಳಕ್ಕೆ ಬರುತ್ತದೆ. ಪಾರಿವಾಳ ತಡೆಯಲು ಬಲೆ ಸಾಕು. ಗಾಜು ಹಾಕಿಸಲೇಬೇಕಿದ್ದರೆ ಮೇಲಿನ ಒಂದು ಪಟ್ಟಿ ಮತ್ತು ಕೆಳಗಿನ ಒಂದು ಪಟ್ಟಿ ಮುಚ್ಚಲಾಗದಂತಹ ಜಾಲಿಯಾಗಿರಬೇಕು.

ಹೊಗೆಕೊಳವೆಯಿರುವ ಗೀಸರ್‌ಗಳಲ್ಲಿ ಕೊಳವೆಯ ತುದಿ ತೆರೆದ ಆಕಾಶಕ್ಕೆ ತಲಪಬೇಕು. ಡಬ್ಬಿಯಿಂದ ಹೊರಟ ಕೊಳವೆ ಮೊದಲು ಸ್ವಲ್ಪ ದೂರ ನೇರ ಮೇಲಕ್ಕೇರಿ, ಆಮೇಲೆ ತಿರುಗಿ, ಎಲ್ಲಿಯೂ ಕೆಳಮುಖವಾಗದೆ ಹೊರಹೋದರೆ ಬಿಸಿ ಹೊಗೆ ತಾನಾಗಿ ಎಳೆದುಕೊಂಡು ಹೋಗುತ್ತದೆ. ಬಚ್ಚಲುಗಳೆಲ್ಲ ತೆರೆದುಕೊಳ್ಳುವ ನಡುವಿನ ಇಕ್ಕಟ್ಟಾದ ಡಕ್ಟಿಗೆ ಅದನ್ನು ಬಿಡುವುದು ತಪ್ಪು. ಮೇಲೆ ಶೀಟು ಹೊದಿಸಿದ ಡಕ್ಟಿನಲ್ಲಿ ಮೂರನೇ ಮಹಡಿಯ ಹೊಗೆ ನಾಲ್ಕನೇ ಮಹಡಿಯ ಬಚ್ಚಲಿನ ಕಿಟಕಿಯೊಳಗೆ ನುಗ್ಗುತ್ತದೆ. ಗೀಸರ್ ಇಲ್ಲದ ಮನೆಯವರಿಗೂ ತಲೆನೋವು ಬರುವುದಕ್ಕೆ ಇದೊಂದು ಕಾರಣ. ಸೊಸೈಟಿಯ ಸಭೆಗಳಲ್ಲಿ ಪಾರ್ಕಿಂಗ್ ಜಗಳದ ನಡುವೆ ಈ ವಿಷಯಕ್ಕೂ ಹತ್ತು ನಿಮಿಷ ಕೊಟ್ಟರೆ ನಷ್ಟವೇನಿಲ್ಲ.

ಎಕ್ಸಾಸ್ಟ್ ಫ್ಯಾನ್ ಬಗ್ಗೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಫ್ಯಾನಿದ್ದರೆ ಭಯವಿಲ್ಲ ಎಂಬುದು ಅರ್ಧ ಸತ್ಯ. ಫ್ಯಾನು ಹೊರಗೆ ತಳ್ಳಿದಷ್ಟೇ ಗಾಳಿ ಒಳಗೆ ಬರಬೇಕು. ಬಾಗಿಲು ಬಿಗಿ, ಕೆಳಗೆ ಸಂದಿಲ್ಲ, ಕಿಟಕಿ ಮುಚ್ಚಿದೆ ಎಂದಾಗ ಫ್ಯಾನು ಆ ಗಾಳಿಯನ್ನು ಹೊಗೆಕೊಳವೆಯಿಂದಲೇ ಎಳೆಯುತ್ತದೆ. ಮೇಲೆ ಹೋಗಬೇಕಾದ ಹೊಗೆ ಮರಳಿ ಕೋಣೆಗೆ ಇಳಿಯುತ್ತದೆ. ಗಾಳಿ ನಿಜಕ್ಕೂ ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಲು ಊದುಬತ್ತಿ ಸಾಕು. ಗ್ಯಾಸಿನ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು, ಗೀಸರ್ ಉರಿಯುವಾಗ, ಬಾಗಿಲು ಕಿಟಕಿಗಳು ಸ್ನಾನದ ವೇಳೆ ಇರುವಂತೆಯೇ ಇದ್ದು, ಫ್ಯಾನೂ ತಿರುಗುತ್ತಿರುವಾಗ, ಹೊಗೆಕೊಳವೆಯ ಬುಡದಲ್ಲಿರುವ ತೆರಪಿನ ಹತ್ತಿರ ಊದುಬತ್ತಿ ಹಿಡಿದರೆ ಅದರ ಹೊಗೆಯ ಎಳೆ ಒಳಕ್ಕೆ ಹರಿಯಬೇಕು. ಹೊರಕ್ಕೆ ಚದುರಿದರೆ ಗೀಸರ್ ಆರಿಸಿ, ಮೆಕ್ಯಾನಿಕ್ ಬರುವವರೆಗೆ ಬಳಸಬಾರದು.

ಹೊಸದಾಗಿ ಕೊಳ್ಳುವವರು ಐಎಸ್‌ಐ ಗುರುತು ನೋಡಿ ಕೊಳ್ಳಬೇಕು. ಎಲ್‌ಪಿಜಿ ಗೀಸರ್‌ಗಳ ಭಾರತೀಯ ಮಾನಕ ಐಎಸ್ 15558. ಕೋಣೆಯ ಆಮ್ಲಜನಕ ಇಳಿದಾಗ ಉರಿ ಆರಿಸುವ ಸೆನ್ಸರ್ ಇರುವ ಮಾದರಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಸರಿ. ಎಲ್ಲಕ್ಕಿಂತ ನೆಮ್ಮದಿಯದು, ಗಾಳಿಯನ್ನು ಹೊರಗಿನಿಂದಲೇ ತೆಗೆದುಕೊಂಡು ಹೊಗೆಯನ್ನು ಹೊರಕ್ಕೇ ಬಿಡುವ, ಕೋಣೆಯ ಗಾಳಿಯನ್ನು ಮುಟ್ಟದ ಮಾದರಿ. ಯುರೋಪಿನ ಮನೆಗಳಲ್ಲಿ ಬಾಯ್ಲರುಗಳು ಹೆಚ್ಚಾಗಿ ಇಂಥವೇ.

ಪೈಪಿನ ಗ್ಯಾಸೋ ಸಿಲಿಂಡರೋ

ಪುಣೆ ಮತ್ತು ಪಿಂಪ್ರಿ-ಚಿಂಚವಡದಲ್ಲಿ ಪೈಪಿನ ಗ್ಯಾಸ್ ಕೊಡುವುದು ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಲಿಮಿಟೆಡ್. ಗೇಲ್ ಮತ್ತು ಭಾರತ್ ಪೆಟ್ರೋಲಿಯಂ ಕೂಡಿ 2006ರಲ್ಲಿ ಹುಟ್ಟುಹಾಕಿದ ಕಂಪನಿ ಇದು. ಪೈಪಿನ ಗ್ಯಾಸ್ ಬಹುಪಾಲು ಮೀಥೇನ್. ಗಾಳಿಗಿಂತ ಹಗುರ, ಸೋರಿದರೆ ಚಾವಣಿಯತ್ತ ಏರುತ್ತದೆ. ಸಿಲಿಂಡರಿನ ಎಲ್‌ಪಿಜಿ ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ. ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಮೋರಿಯಲ್ಲಿ, ಮೂಲೆಯಲ್ಲಿ ತಂಗುತ್ತದೆ. ಸೋರಿಕೆ ಪತ್ತೆಹಚ್ಚುವ ಅಲಾರಂ ಅನ್ನು ಒಂದಕ್ಕೆ ಎತ್ತರದಲ್ಲಿ, ಇನ್ನೊಂದಕ್ಕೆ ನೆಲದ ಹತ್ತಿರ ಕೂರಿಸುವುದು ಇದೇ ಕಾರಣಕ್ಕೆ.

ಎರಡರ ಬರ್ನರ್ ಜೆಟ್ಟುಗಳೂ ಬೇರೆ. ಅಷ್ಟೇ ಗಾತ್ರದ ಮೀಥೇನ್ ಕೊಡುವ ಶಾಖ ಕಡಿಮೆಯಾದ್ದರಿಂದ ಅದರ ಜೆಟ್ಟಿನ ತೂತು ದೊಡ್ಡದು. ಸಿಲಿಂಡರಿನ ಗೀಸರ್ ಅನ್ನು ಪೈಪಿಗೆ ಜೋಡಿಸಿದರೆ ಉರಿ ಸೊರಗುತ್ತದೆ, ಅಷ್ಟೇ. ಪೈಪಿನ ಗೀಸರ್‌ಗೆ ಸಿಲಿಂಡರು ಜೋಡಿಸಿದರೆ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಗ್ಯಾಸ್ ನುಗ್ಗಿ ಉರಿ ಹಳದಿಯಾಗಿ, ಮಸಿ ಕಟ್ಟಿ, ಮೊನಾಕ್ಸೈಡ್ ಧಾರಾಳವಾಗಿ ಹುಟ್ಟುತ್ತದೆ. ಸೆಕೆಂಡ್‌ಹ್ಯಾಂಡ್ ಗೀಸರ್ ಕೊಂಡವರು, ಪೈಪಿನ ಗ್ಯಾಸ್ ಇರುವ ಬಾಡಿಗೆ ಮನೆಯಿಂದ ಗೀಸರ್ ಬಿಚ್ಚಿಕೊಂಡು ಸಿಲಿಂಡರಿನ ಮನೆಗೆ ಹೋಗುವವರು ಈ ತಪ್ಪು ಮಾಡುವ ಸಂಭವ ಹೆಚ್ಚು. ಡಬ್ಬಿಯ ಪಕ್ಕದ ಚೀಟಿಯಲ್ಲಿ ಎಲ್‌ಪಿಜಿ ಅಥವಾ ಎನ್‌ಜಿ (ಪೈಪಿನ ಗ್ಯಾಸ್) ಎಂದು ಬರೆದಿರುತ್ತದೆ. ಅದನ್ನು ಓದದೆ ಪೈಪು ಜೋಡಿಸಬಾರದು. ಜೆಟ್ ಬದಲಿಸುವುದು ಕಂಪನಿಯ ಸರ್ವಿಸ್‌ನವರ ಕೆಲಸ, ಬೀದಿಯ ಪ್ಲಂಬರ್‌ನದಲ್ಲ. ಸಿಲಿಂಡರಾದರೆ ಅದನ್ನು ನೆಟ್ಟಗೆ, ಗಾಳಿಯಾಡುವ ಕಡೆ, ಬಚ್ಚಲಿನ ಹೊರಗೆ ಇಡಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು.

ದಿನದ ಬಳಕೆ

ಗೀಸರ್ ಬಚ್ಚಲೊಳಗೇ ಇದ್ದು ಸದ್ಯ ಬದಲಿಸುವ ಉಪಾಯವಿಲ್ಲದ ಮನೆಗಳು ಬಹಳ. ಕಲಬುರಗಿ, ವಿಜಯಪುರದಿಂದ ಕೆಲಸಕ್ಕೆ ಬಂದು ಪಿಂಪ್ರಿಯಲ್ಲೋ ಹಡಪಸರದಲ್ಲೋ ಕೋಣೆ ಹಿಡಿದವರಿಗೆ ಗೋಡೆಯ ಮೇಲಿನ ಗೀಸರ್ ಮನೆಯ ಜೊತೆ ಬಂದದ್ದು. ಅದನ್ನು ಸರಿಸುವ ಅಧಿಕಾರ ಮಾಲೀಕರದು. ಅಂಥವರಿಗೆ ಉಳಿದಿರುವ ದಾರಿ ಹಳೆಯದು, ಬಕೆಟ್. ಬಾಗಿಲು, ಕಿಟಕಿ ಎರಡೂ ಪೂರ್ತಿ ತೆರೆದಿಟ್ಟು, ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಎರಡು ಮೂರು ನಿಮಿಷ ಗಾಳಿಯಾಡಲು ಬಿಟ್ಟು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಉರಿಯುವ ಗೀಸರ್ ಮತ್ತು ಮುಚ್ಚಿದ ಬಾಗಿಲು ಒಟ್ಟಿಗೆ ಇರಕೂಡದು ಎಂಬ ಒಂದೇ ನಿಯಮ ಪಾಲಿಸಿದರೂ ಮುಕ್ಕಾಲು ಅಪಾಯ ಕಳೆಯುತ್ತದೆ. ಷವರಿನ ಕೆಳಗೆ ನಿಲ್ಲುವ ಸುಖ ಗೀಸರ್ ಹೊರಗಿರುವ ಮನೆಗಳಿಗೆ ಮಾತ್ರ.

ಹೊತ್ತಿಸುವ ಕ್ರಮ ಸರಳ. ಮೊದಲು ಕಿಟಕಿ, ಆಮೇಲೆ ಗ್ಯಾಸಿನ ವಾಲ್ವ್, ಕೊನೆಗೆ ನಲ್ಲಿ. ನೀರು ಹರಿದಾಗ ಅದರ ಒತ್ತಡಕ್ಕೆ ಒಳಗಿನ ರಬ್ಬರ್ ಡಯಾಫ್ರಾಮ್ ಉಬ್ಬಿ ಸ್ವಿಚ್ಚನ್ನು ಒತ್ತುತ್ತದೆ, ಬ್ಯಾಟರಿಯಿಂದ ಕಿಡಿ ಹಾರುತ್ತದೆ, ಗ್ಯಾಸ್ ತೆರೆದುಕೊಳ್ಳುತ್ತದೆ. ಮೇಲಿನ ಟ್ಯಾಂಕು ತಲೆಯ ಮೇಲೇ ಇರುವ ಕೊನೆಯ ಮಹಡಿಯಲ್ಲಿ ಒತ್ತಡ ಸಾಲದೆ ಉರಿ ಹತ್ತುವುದಿಲ್ಲ. ಅದಕ್ಕೆ ಪರಿಹಾರ ಚಿಕ್ಕ ಪ್ರೆಷರ್ ಪಂಪು. ಫಿಲ್ಟರ್ ಕಿತ್ತು, ಸ್ವಿಚ್ಚನ್ನು ಒತ್ತಿ ಕಟ್ಟಿಡುವ ಜಾಣತನ ಜೀವಕ್ಕೆ ಕುತ್ತು. ಎರಡು ಮೂರು ಸಲ ಕಿಡಿ ಹಾರಿಯೂ ಹತ್ತದಿದ್ದರೆ ನಲ್ಲಿ ನಿಲ್ಲಿಸಿ, ಕೆಲವು ನಿಮಿಷ ಕಾದು, ಆಮೇಲೆ ಮತ್ತೆ ನೋಡಬೇಕು. ಇಲ್ಲದಿದ್ದರೆ ತುಂಬಿಕೊಂಡ ಗ್ಯಾಸ್ ಒಮ್ಮೆಲೇ ಹತ್ತಿ ಮುಖಕ್ಕೆ ಬಡಿಯುತ್ತದೆ. ಹಲವು ಗೀಸರ್‌ಗಳು 20 ನಿಮಿಷಕ್ಕೆ ತಾವಾಗಿ ಆರುತ್ತವೆ. ಅದು ಕೆಟ್ಟುಹೋದದ್ದಲ್ಲ, ಎಚ್ಚರಿಕೆಯ ಏರ್ಪಾಡು. ಕೂಡಲೇ ಮತ್ತೆ ಹೊತ್ತಿಸಿದರೆ ಆ ಏರ್ಪಾಡಿಗೆ ಅರ್ಥವಿಲ್ಲ.

ಗಾಜಿನ ಕಿಂಡಿಯಲ್ಲಿ ಕಾಣುವ ಉರಿ ನೀಲಿಯಾಗಿ, ಗಿಡ್ಡವಾಗಿ, ಅಲುಗಾಡದೆ ಸಾಲಾಗಿ ನಿಂತಿರಬೇಕು. ಹಳದಿ ನಾಲಗೆಗಳು ತೂಗಾಡುತ್ತಿದ್ದರೆ ಗಾಳಿ ಸಾಲದೆಂದು ಅರ್ಥ. ಡಬ್ಬಿಯ ಮೇಲ್ಭಾಗದಲ್ಲಿ, ಹೊಗೆ ಹೊರಬರುವ ಕಿಂಡಿಯ ಮೇಲಿನ ಗೋಡೆಯಲ್ಲಿ ಬೀಸಣಿಗೆಯಾಕಾರದ ಕಂದು ಕಲೆ ಮೂಡಿದ್ದರೂ ಅದೇ ಸೂಚನೆ. ನೀಲಿ ಉರಿ ಇದ್ದ ಮಾತ್ರಕ್ಕೆ ನಿರಾಳವಾಗುವಂತಿಲ್ಲ. ಮುಚ್ಚಿದ ಬಚ್ಚಲಲ್ಲಿ ನೀಲಿ ಉರಿಯೂ ಕ್ರಮೇಣ ಕೆಡುತ್ತದೆ. ಸ್ನಾನ ಮುಗಿದು ಬಹಳ ಹೊತ್ತಾದರೂ ಕನ್ನಡಿಯ ಮೇಲಿನ ಮಬ್ಬು ಆರದಿದ್ದರೆ ಆ ಕೋಣೆಯಲ್ಲಿ ಗಾಳಿ ಓಡಾಡುತ್ತಿಲ್ಲ.

ವರ್ಷಕ್ಕೊಮ್ಮೆ, ಚಳಿಗೆ ಮುಂಚೆ, ದೀಪಾವಳಿಯ ಆಸುಪಾಸಿಗೆ ಸರ್ವಿಸ್ ಮಾಡಿಸುವುದು ಅನುಕೂಲ. ನೀರು ಕಾಯುವ ತಾಮ್ರದ ರೆಕ್ಕೆಗಳ ನಡುವೆ ಮಸಿ ಕಟ್ಟಿದರೆ ಹೊಗೆಗೆ ದಾರಿ ಕಟ್ಟಿ ಅದು ಮುಂಭಾಗದಿಂದ ಹೊರಬರುತ್ತದೆ. ವಾಘೋಲಿಯಂತಹ ಬಡಾವಣೆಗಳಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರಿನ ಗಡಸುತನಕ್ಕೆ ಕೊಳವೆಯ ಒಳಗೆ ಸುಣ್ಣದ ಪದರವೂ ಕೂರುತ್ತದೆ. ಬ್ರಷ್ ಆಡಿಸಿ ಮಸಿ ತೆಗೆಯದೆ, ಮುಂದಿನ ಕವಚ ಒರೆಸಿ ‘ಸರ್ವಿಸ್ ಆಯಿತು’ ಎನ್ನುವವರಿಗೆ ದುಡ್ಡು ಕೊಡುವ ಮುನ್ನ ಕವಚ ಬಿಚ್ಚಿಸಿ ನೋಡಬೇಕು.

ಅಲಾರಂ ಮತ್ತು ಆಪತ್ತು

ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಲ್‌ಪಿಜಿ ಸೋರಿಕೆಯ ಅಲಾರಂಗಿಂತ ಬೇರೆ. ಅಂಗಡಿಯಲ್ಲಿ ಒಂದು ಕೇಳಿದರೆ ಇನ್ನೊಂದನ್ನು ಕೊಡಬಹುದು. ಯುರೋಪಿನ ಇಎನ್ 50291 ಮಾನಕದ ಅಲಾರಂ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು ಮೊನಾಕ್ಸೈಡ್ ಇದ್ದರೆ 3 ನಿಮಿಷದೊಳಗೆ, 50 ಪಾಲು ಇದ್ದರೆ 60ರಿಂದ 90 ನಿಮಿಷದೊಳಗೆ ಕೂಗುತ್ತದೆ. ಬಚ್ಚಲಿನ ಆವಿಗೆ ಅದರ ಸೆನ್ಸರ್ ಹಾಳಾಗುವುದರಿಂದ ಅದನ್ನು ಬಾಗಿಲ ಹೊರಗೆ ಇಡುವುದು ವಾಡಿಕೆ. ಆದ್ದರಿಂದಲೇ ಮುಚ್ಚಿದ ಬಚ್ಚಲೊಳಗಿನವರಿಗೆ ಅದರಿಂದ ಪೂರ್ಣ ರಕ್ಷಣೆಯಿಲ್ಲ.

ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಹಾಕಿದ್ದನ್ನು ಆರಿಸಲೂ ಹೋಗದೆ, ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು ಫೋನ್ ಮಾಡಬೇಕು. ಎಲ್‌ಪಿಜಿಗೆ ದೇಶಕ್ಕೆಲ್ಲ ಒಂದೇ ಸಂಖ್ಯೆ, 1906. ಪೈಪಿನ ಗ್ಯಾಸಿನ ತುರ್ತು ಸಂಖ್ಯೆ ಬಿಲ್ಲಿನ ಮೇಲಿರುತ್ತದೆ. ವಾಸನೆಯಿಲ್ಲದೆ ಬಚ್ಚಲಿನಿಂದ ಉತ್ತರ ಬರದಿದ್ದರೆ ಸಂಗತಿ ಬೇರೆ. ಕೂಗಿ ಕರೆಯುತ್ತ ನಿಲ್ಲದೆ ಬಾಗಿಲು ಒಡೆದು ತೆರೆಯಬೇಕು. ಉಸಿರು ಬಿಗಿಹಿಡಿದು ಒಳನುಗ್ಗಿ, ಬಿದ್ದವರನ್ನು ಮೊದಲು ಹೊರಗೆಳೆಯಬೇಕು. ಆರೈಕೆ ಹೊರಗಿನ ಗಾಳಿಯಲ್ಲಿ. ಉಸಿರಿಲ್ಲದಿದ್ದರೆ ಎದೆ ಒತ್ತುವ ಸಿಪಿಆರ್ ಶುರುಮಾಡಿ 108ಕ್ಕೆ ಕರೆ ಮಾಡಿಸಬೇಕು. ಗೀಸರ್ ಇರುವ ಬಚ್ಚಲಿಗೆ ಒಳಚಿಲಕದ ಬದಲು ಹೊರಗಿನಿಂದಲೂ ಬಿಡಿಸಬಹುದಾದ ಲಾಕ್ ಹಾಕಿಸಿದ್ದರೆ ಈ ಕ್ಷಣದಲ್ಲಿ ಅಮೂಲ್ಯವಾದ ನಿಮಿಷಗಳು ಉಳಿಯುತ್ತವೆ.

ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್’ ಎಂಬ ಎರಡು ಪದಗಳನ್ನು ಮೊದಲೇ ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕದ್ದೆಂದೇ ಎಣಿಸಿ 98, 99 ತೋರಿಸುವುದರಿಂದ ಅದನ್ನು ನಂಬುವಂತಿಲ್ಲ. ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆಯೇ ಆಗಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದ ಮೊನಾಕ್ಸೈಡ್ ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಹಿಡಿದರೆ, ಬಿಗಿ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟಾಗ ಒಂದು ಒಂದೂವರೆ ಗಂಟೆ ಸಾಕು. ಚೇತರಿಸಿಕೊಂಡು ಮನೆಗೆ ಬಂದವರಲ್ಲಿ ಕೆಲವರಿಗೆ ಕೆಲವು ದಿನ ಅಥವಾ ವಾರಗಳ ನಂತರ ಮರೆವು, ಮಂಕು, ನಡಿಗೆಯಲ್ಲಿ ತಡವರಿಕೆ ಕಾಣಿಸಿಕೊಳ್ಳುವುದುಂಟು. ಆಗ ಮತ್ತೆ ನರರೋಗ ತಜ್ಞರಲ್ಲಿಗೆ ಹೋಗಬೇಕು. ಅದೇ ಮನೆಯ ಉಳಿದವರಿಗೂ ತಲೆನೋವಿದ್ದರೆ ಅವರ ರಕ್ತವನ್ನೂ ಪರೀಕ್ಷಿಸಬೇಕು. ಗೀಸರ್ ವಾಲ್ವ್ ಮುಚ್ಚಿ, ಹೊಗೆಯ ದಾರಿಯನ್ನು ಕಂಪನಿಯ ಮೆಕ್ಯಾನಿಕ್ ಬಿಚ್ಚಿ ನೋಡುವವರೆಗೆ ಸ್ನಾನದ ನೀರು ಒಲೆಯ ಮೇಲೆ ಕಾಯಬೇಕು.